ಕೀಲಿರುವ ಎಎಫ್‌ಒ: ಮಲೆನಾಡಿನ ಏರು, ಇಳಿಜಾರು, ಮಳೆಯಲ್ಲಿ

ಎಎಫ್‌ಒ (ಪಾದ, ಕಣಕಾಲನ್ನು ಹಿಡಿದಿಡುವ ಪ್ಲಾಸ್ಟಿಕ್ ಆಸರೆ) ಮಾಡಿಕೊಡುವವರು ಟೈಲ್ಸ್ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಸಿ "ಆರಾಮಾಗಿದ್ಯಾ?" ಅಂತ ಕೇಳುತ್ತಾರೆ. ಟೈಲ್ಸ್ ಮೇಲೆ ಯಾವುದೂ ಆರಾಮೇ. ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ರಸ್ತೆಯಿಂದ ಕೆಳಗೆ, ತೋಟದ ಪಕ್ಕ. ಕೆಲಸಕ್ಕೆ ಬಸ್ ಹಿಡಿಯಲು ಬೆಳಿಗ್ಗೆ ಏರು ಹತ್ತಬೇಕು, ಸಂಜೆ ಅದೇ ದಾರಿಯಲ್ಲಿ ಇಳಿಯಬೇಕು. ಹಲವು ವರ್ಷ ಈ ದಾರಿಯಲ್ಲಿ ಹಾಕಿಕೊಂಡು ಓಡಾಡಿದ ಮೇಲೆ ಬರೆಯುತ್ತಿದ್ದೇನೆ.

ನನಗಿರುವುದು ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗೆ ಪೆಟ್ಟಾಗಿ ಬರುವ ಚಲನೆಯ ತೊಂದರೆ), ಅದರಲ್ಲೂ ಸ್ಪಾಸ್ಟಿಕ್ ಡೈಪ್ಲೀಜಿಯಾ. ಎರಡೂ ಕಾಲಿನ ಸ್ನಾಯುಗಳು ಬಿಗಿ, ಕೈಗಳಿಗೆ ಅಷ್ಟು ತೊಂದರೆಯಿಲ್ಲ. ಜಿಎಂಎಫ್‌ಸಿಎಸ್ ಎಂಬ, ಓಡಾಟದ ಸಾಮರ್ಥ್ಯ ಹೇಳುವ ಐದು ಹಂತದ ಅಳತೆಯಲ್ಲಿ ಎರಡನೆಯದು: ಸ್ವಂತ ನಡಿಗೆ ಇದೆ, ಮೆಟ್ಟಿಲಿಗೆ ಕೈಹಿಡಿ ಬೇಕು, ತಗ್ಗುದಿಣ್ಣೆಯಲ್ಲಿ ಕಷ್ಟ. ಮೆದುಳಿಗೆ ಆದ ಪೆಟ್ಟು ಬೆಳೆಯುವಂಥದ್ದಲ್ಲ. ಆದರೆ ವಯಸ್ಸಾಗುತ್ತಾ ಸ್ನಾಯು, ಕೀಲು ಬೇಗ ದಣಿಯುತ್ತವೆ. ಮೂವತ್ತು ದಾಟಿದ ಮೇಲೆ ನಡಿಗೆ ಕುಸಿಯುವವರು ನಮ್ಮಲ್ಲಿ ಬಹಳ. ನಾನು ಮತ್ತೆ ಫಿಸಿಯೋ ಹತ್ತಿರ ಹೋಗಿದ್ದೂ ಅದಕ್ಕೇ.

ಮೊದಲು ಇದ್ದದ್ದು ಕೀಲಿಲ್ಲದ ಗಟ್ಟಿ ಎಎಫ್‌ಒ. ಸಮತಟ್ಟಿನಲ್ಲಿ ತುದಿಗಾಲ ನಡಿಗೆ ನಿಲ್ಲಿಸಿತು, ಸರಿ. ಏರಿನಲ್ಲಿ ಮಾತ್ರ ಶತ್ರು. ಏರು ಹತ್ತುವಾಗ ಮೊಣಕಾಲಿನ ಕೆಳಗಿನ ಭಾಗ ಪಾದದ ಮೇಲೆ ಮುಂದಕ್ಕೆ ಬಾಗಬೇಕು. ಪಾದದ ಕೀಲನ್ನೇ ಕಟ್ಟಿಹಾಕಿದರೆ ದೇಹ ಹಿಂದಕ್ಕೆ ವಾಲುತ್ತದೆ, ಇಲ್ಲವೇ ಹಿಮ್ಮಡಿ ಮೇಲೇಳುತ್ತದೆ. ಕೀಲಿರುವ ಎಎಫ್‌ಒ ಪಾದವನ್ನು ಮುಂದಕ್ಕೆ ಬಾಗಲು ಬಿಡುತ್ತದೆ, ಕೆಳಕ್ಕೆ ಚಾಚಲು ಬಿಡುವುದಿಲ್ಲ. ಇಷ್ಟೇ ವ್ಯತ್ಯಾಸ. ಏರು ಹತ್ತುವಾಗ ಬೆನ್ನು ನೋಯುವುದು ನಿಂತಿತು.

ಇಳಿಜಾರಿನ ಸಮಸ್ಯೆ ಇದರಿಂದ ಹೋಗಲಿಲ್ಲ, ಹೋಗುವುದೂ ಇಲ್ಲ. ಹಿಮ್ಮಡಿ ನೆಲಕ್ಕೆ ತಾಗಿದಾಗ ಪಾದ ಚಪ್ಪಟೆಯಾಗಿ ಕೆಳಗೆ ಕೂರಲು ಇದು ಬಿಡದ ಕಾರಣ ಮಂಡಿ ಮುಂದಕ್ಕೆ ತಳ್ಳಿಹೋಗುತ್ತದೆ. ಅದನ್ನು ತಡೆದು ಹಿಡಿಯಬೇಕಾದ್ದು ತೊಡೆಯ ಮುಂಭಾಗದ ಸ್ನಾಯು. ಆ ಬಲ ಯಾವ ಪ್ಲಾಸ್ಟಿಕ್ಕಿನಿಂದಲೂ ಬರುವುದಿಲ್ಲ. ಚಿಕ್ಕವಳಿದ್ದಾಗ ನನ್ನ ಕಾಲಿಗೆ ವರ್ಷಗಟ್ಟಲೆ ಎಣ್ಣೆ ತಿಕ್ಕಿ, ಎಳೆದು ಬಿಟ್ಟಿದ್ದೇ ಚಿಕಿತ್ಸೆ. ಈಗಿನ ಫಿಸಿಯೋ ಮೇಡಂ ಎಳೆಯುವುದನ್ನು ಕಡಿಮೆ ಮಾಡಿ ಕೆಲಸ ಕೊಟ್ಟರು: ಕುರ್ಚಿಯಿಂದ ಕೈ ಊರದೆ ಏಳುವುದು, ಜಗಲಿ ಮೆಟ್ಟಿಲು ಹತ್ತಿ ನಿಧಾನವಾಗಿ, ಬಹಳ ನಿಧಾನವಾಗಿ ಇಳಿಯುವುದು, ಆಮೇಲೆ ಬೆನ್ನಿನ ಚೀಲಕ್ಕೆ ಅಕ್ಕಿ ತುಂಬಿ ಅದನ್ನೇ ಮಾಡುವುದು. ತಾನೇ ಮಾಡಬೇಕಾದ ಕೆಲಸವನ್ನೇ ಅಭ್ಯಾಸ ಮಾಡಿಸುವ ಇಂಥ ಪದ್ಧತಿಗೆ ಬೇರೆಯವರು ಕಾಲು ಎಳೆಯುವುದಕ್ಕಿಂತ ಗಟ್ಟಿ ಆಧಾರವಿದೆ ಎಂದು 2020ರಲ್ಲಿ ಸಂಶೋಧಕಿ ಇಯೋನಾ ನೋವಾಕ್ ಮತ್ತು ಸಂಗಡಿಗರು ಮಾಡಿದ ಅಧ್ಯಯನಗಳ ಪರಾಮರ್ಶೆಯೂ ಹೇಳಿದೆ. ನನ್ನ ಸಂಜೆಯ ಇಳಿಜಾರು ಸುಧಾರಿಸಿದ್ದು ಶೇಕಡಾ ಎಷ್ಟು ಅಂತ ಕೇಳಬೇಡಿ. ಮೊದಲು ಅಣ್ಣ ಬಂದು ಕೈ ಹಿಡಿಯುತ್ತಿದ್ದ, ಈಗ ಕೋಲು ಸಾಕು. ಮನೆಗೆ ಬಂದ ನೆಂಟರು ಮಾತ್ರ "ಹೊಸ ಬೂಟು ಚಲೋ ಕೆಲಸ ಮಾಡ್ತಲ್ಲ" ಅನ್ನುತ್ತಾರೆ. ಅಕ್ಕಿ ಚೀಲದ ಕಷ್ಟ ಯಾರಿಗೂ ಕಾಣುವುದಿಲ್ಲ!

ಇನ್ನು ಮಳೆ. ಆಗುಂಬೆ ಕಡೆ ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುತ್ತದೆ, ನಮ್ಮಲ್ಲೂ ಜೂನ್‌ನಿಂದ ಬಟ್ಟೆ ಒಣಗುವುದಿಲ್ಲ. ಎಎಫ್‌ಒ ಒಳಗೆ ಮೊಣಕಾಲಿನವರೆಗಿನ ಸಾಕ್ಸ್ ಒಣಗಿದ್ದೇ ಆಗಬೇಕು, ಇಲ್ಲದಿದ್ದರೆ ಬೆರಳ ಸಂದಿಯಲ್ಲಿ ಹುಣ್ಣು. ಸಾಕ್ಸನ್ನು ಬಚ್ಚಲ ಒಲೆಯ ಮೇಲೆ ಹರಗಿ. ಎಎಫ್‌ಒವನ್ನು ಒಲೆಯ ಹತ್ತಿರ ಸುಳಿಯಗೊಡಬೇಡಿ. ಕಾಯಿಸಿ ಬಗ್ಗಿಸಿದ ಪಾಲಿಪ್ರೊಪಿಲೀನ್ ಅದು, ಬಿಸಿಗೆ ಆಕಾರ ಕೆಡುತ್ತದೆ. ನನ್ನ ಮೊದಲ ಜೋಡಿಯ ಲೋಹದ ಕೀಲು ತುಕ್ಕು ಹಿಡಿದು ಕಿರುಗುಟ್ಟುತ್ತಿತ್ತು. ಈಗಿನದು ರಬ್ಬರಿನಂಥ ಪಾಲಿಯುರೆಥೇನ್ ಕೀಲು, ಸದ್ದಿಲ್ಲ, ಸವೆದರೆ ಅದೊಂದನ್ನೇ ಬದಲಿಸಬಹುದು. ವೆಲ್ಕ್ರೋ ಪಟ್ಟಿ ಮಾತ್ರ ಮಳೆಗಾಲದ ಕೆಸರಿಗೆ ಹಿಡಿತ ಬಿಡುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ ಇಟ್ಟುಕೊಳ್ಳಿ. ಉಂಬಳ (ಜಿಗಣೆ) ಒಳಗೆ ಸೇರಿಕೊಂಡರೆ ಮನೆಗೆ ಬಂದು ಬಿಚ್ಚುವವರೆಗೆ ಗೊತ್ತೇ ಆಗುವುದಿಲ್ಲ.

ಅಂಗಳದ ಪಾಚಿಗೆ ಎಲ್ಲರ ಮನೆಯಲ್ಲೂ ಹಾಕುವ ಅಡಿಕೆ ದಬ್ಬೆ ನನಗೆ ಆಗಲಿಲ್ಲ. ದಬ್ಬೆಯ ನಡುವೆ ಶೂ ಸಿಕ್ಕಿಕೊಳ್ಳುತ್ತದೆ. ಸೋಗೆ ಹಾಸಿದ ಮೇಲೆ ಸರಿಯಾಯಿತು. ಮನೆಯೊಳಗೆ ಇನ್ನೊಂದು ತಾಪತ್ರಯ. ಬರಿ ಎಎಫ್‌ಒದಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ಕಾಲಿಟ್ಟರೆ ಜಾರುವುದು ಖಂಡಿತ. ಶೂ ಹಾಕಿಕೊಂಡೇ ಒಳಗೆ ಬಂದರೆ ಅಮ್ಮ, "ಅದನ್ನ ತೊಳ್ದಾದ್ರೂ ಬಾ ಮಾರಾಯ್ತಿ." ಕೊನೆಗೆ ಹೊಸ್ತಿಲು ದಾಟದ ಒಂದು ಜೊತೆ ಶೂ ಒಳಗೇ ಇಟ್ಟಿದ್ದೇವೆ. ಮಾಮೂಲಿಗಿಂತ ಒಂದು ಸೈಜ್ ದೊಡ್ಡದು ತೆಗೆದುಕೊಂಡು, ಒಳಗಿನ ಮೆತ್ತೆ ಕಿತ್ತುಹಾಕಿದರೆ ಕೂರುತ್ತದೆ.

ಅಳತೆ ಕೊಡುವಾಗ ಕಣ್ಣಿಟ್ಟಿರಿ. ಒಂದು ಕಡೆ (ಹೆಸರು ಬೇಡ) ಅಳತೆಗೆ ಕಾಲಿಗೆ ಹಾಕಿದ ಪ್ಲಾಸ್ಟರ್ ಗಟ್ಟಿಯಾಗುವಾಗ ನನ್ನ ಪಾದವನ್ನು ಯಾರೂ ಸರಿಯಾಗಿ ಹಿಡಿದಿರಲಿಲ್ಲ. ಹಿಮ್ಮಡಿ ಒಳಗೆ ಕೂರದ ಎಎಫ್‌ಒ ಬಂತು, ದುಡ್ಡು ಹೋಯಿತು. ಹೊಸದನ್ನು ಮೊದಲ ದಿನ ಒಂದು ಗಂಟೆ ಹಾಕಿ, ಬಿಚ್ಚಿ ನೋಡಿ. ಅರ್ಧ ಗಂಟೆಯಾದರೂ ಕೆಂಪು ಗುರುತು ಮಾಸದಿದ್ದರೆ ವಾಪಸ್ ಹೋಗಿ ತಿದ್ದಿಸಬೇಕು.

ಎಲ್ಲರಿಗೂ ಇದನ್ನೇ ಮಾಡಿಸಿ ಅನ್ನಲಾರೆ. ಮಂಡಿ ಬಗ್ಗಿಸಿಕೊಂಡೇ ನಡೆಯುವವರಿಗೆ ಕೀಲಿರುವುದು ಆ ಬಾಗನ್ನು ಇನ್ನೂ ಹೆಚ್ಚಿಸಬಹುದು. ಅಂಥವರಿಗೆ ಗಟ್ಟಿಯದೇ ಬೇಕಾದೀತು, ಫಿಸಿಯೋ ನಡಿಗೆ ನೋಡಿ ಹೇಳಲಿ.

ಖರ್ಚಿನ ಮಾತು: ಆರ್‌ಬಿಎಸ್‌ಕೆ ಎಂಬ ಸರ್ಕಾರಿ ಮಕ್ಕಳ ಆರೋಗ್ಯ ಯೋಜನೆಯ ಸೌಲಭ್ಯ 18 ವರ್ಷದವರೆಗೆ ಮಾತ್ರ. ದೊಡ್ಡವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂ.ವರೆಗೆ, ಒಳಮಿತಿಗಳೊಂದಿಗೆ ಥೆರಪಿ ವೆಚ್ಚವೂ ಸೇರುತ್ತದೆ. ಅಂಗವೈಕಲ್ಯ ಪ್ರಮಾಣಪತ್ರ ಬೇಕು, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಮಾಡಿಸಿಟ್ಟುಕೊಂಡಿರಿ.

ಐದಕ್ಕೆ ನಾಲ್ಕು ನಕ್ಷತ್ರ. ಕಡಿಮೆ ಮಾಡಿದ ಒಂದು ನಕ್ಷತ್ರ ವೆಲ್ಕ್ರೋ ಪಟ್ಟಿಯಿಂದಾಗಿ.