ಜೀವಕೋಶದ ಯಾಂತ್ರಿಕ ಮಾದರಿ: ಫೈನೈಟ್ ಎಲಿಮೆಂಟ್ ವಿಧಾನವೋ, ಸ್ಪ್ರಿಂಗ್ ಜಾಲವೋ?

ಕಲಬುರಗಿಯ ವಿಶ್ವವಿದ್ಯಾಲಯದಲ್ಲಾಗಲಿ ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಾಗಲಿ ಜೀವಕೋಶದ ಯಾಂತ್ರಿಕ ಮಾದರಿಯ ಮೇಲೆ (ಬಲ ಬಿದ್ದಾಗ ಕೋಶ ಹೇಗೆ ಆಕಾರ ಬದಲಿಸುತ್ತದೆ ಎಂಬ ಕಂಪ್ಯೂಟರ್ ಲೆಕ್ಕದ ಮೇಲೆ) ಪ್ರಾಜೆಕ್ಟ್ ಮಾಡಬಯಸುವವರು, ಕೋಶವನ್ನು ಅಖಂಡ ವಸ್ತುವೆಂದು ಭಾವಿಸಬೇಕೋ ಅಥವಾ ಸ್ಪ್ರಿಂಗ್‌ಗಳಿಂದ ಬೆಸೆದ ಬಿಂದುಗಳ ಜಾಲವೆಂದೋ ಎಂಬುದನ್ನು ಮೊದಲೇ ನಿರ್ಧರಿಸಬೇಕು.

ಗಾಜಿನ ಮೇಲೆ ಅಂಟಿಕೊಂಡ ಕೋಶವನ್ನು ಸೂಕ್ಷ್ಮ ಮೊನೆಯಿಂದ ಒತ್ತಿ ಅದರ ಗಡಸುತನವನ್ನು ಅಳೆಯುವ ಪ್ರಯೋಗಕ್ಕೆ ಅಖಂಡ ವಸ್ತುವನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ ಲೆಕ್ಕಹಾಕುವ ಫೈನೈಟ್ ಎಲಿಮೆಂಟ್ ವಿಧಾನವೇ ಸೂಕ್ತ. ಆದರೆ ಆಕಾರ ವಿಪರೀತವಾಗಿ ಬದಲಾದರೆ ಆ ತುಂಡುಗಳ ಜಾಲರಿ (ಮೆಶ್) ತಿರುಚಿಕೊಂಡು ಲೆಕ್ಕ ಅರ್ಧಕ್ಕೇ ನಿಲ್ಲಬಹುದು.

ರಕ್ತದ ವಿಷಯ ಬೇರೆ. ಸುಮಾರು 8 ಮೈಕ್ರೋಮೀಟರ್ ವ್ಯಾಸದ ಕೆಂಪು ರಕ್ತಕಣವು ತನಗಿಂತ ಕಿರಿದಾದ ಲೋಮನಾಳದಲ್ಲಿ ಮಡಚಿಕೊಂಡು ಸಾಗುತ್ತದೆ. ಅದರ ಪೊರೆಯ ಒಳಮೈಯಲ್ಲಿ ಸ್ಪೆಕ್ಟ್ರಿನ್ ಪ್ರೋಟೀನಿನ ಜಾಲ ನಿಜವಾಗಿಯೂ ಇರುವುದರಿಂದ, ಸ್ಪ್ರಿಂಗ್ ಜಾಲ ಇಲ್ಲಿ ಕೇವಲ ಗಣಿತದ ಅನುಕೂಲವಲ್ಲ, ಕೋಶದ ರಚನೆಗೇ ಹತ್ತಿರವಾದದ್ದು. ಪೊರೆಯ ಬಾಗುವಿಕೆಯ ಶಕ್ತಿಯನ್ನು ಸೇರಿಸಿ, ಮೇಲ್ಮೈ ವಿಸ್ತೀರ್ಣ ಮತ್ತು ಗಾತ್ರ ಬಹುತೇಕ ಬದಲಾಗದಂತೆ ನಿರ್ಬಂಧ ಹಾಕಲೇಬೇಕು. ಕುಡಗೋಲು ಕಣ ರೋಗದಲ್ಲಿ ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ನಾರುಗಟ್ಟಿ ಕಣವನ್ನು ಗಡಸಾಗಿಸುವುದರಿಂದ, ಅದರ ಅಧ್ಯಯನಕ್ಕೆ ಪೊರೆಯ ಜಾಲವೊಂದೇ ಸಾಲದು. ಒಳದ್ರವದ ಬದಲಾವಣೆಯನ್ನೂ ಸೇರಿಸಬೇಕು.

ಒಂದೇ ಸೆಮಿಸ್ಟರ್, ಒಂದೇ ಡೆಸ್ಕ್‌ಟಾಪ್ ಇರುವವರಿಗೆ ನಾನು ಫೈನೈಟ್ ಎಲಿಮೆಂಟ್ ವಿಧಾನವನ್ನೇ ಸೂಚಿಸುತ್ತೇನೆ. ಸ್ಪ್ರಿಂಗ್ ಜಾಲದಲ್ಲಿ ಸುತ್ತಲಿನ ದ್ರವದ ಹರಿವನ್ನೂ ಲೆಕ್ಕಹಾಕಬೇಕಾಗಿ ಬಂದರೆ ಕಂಪ್ಯೂಟರ್ ಸಮಯ ಬಹಳ ಬೇಕು, ಸ್ಪ್ರಿಂಗ್‌ಗಳ ಬಿಗುವನ್ನೂ ಪ್ರಯೋಗದ ಅಳತೆಗಳಿಗೆ ಹೊಂದಿಸಿಕೊಳ್ಳಬೇಕು.