ಸಕುರಾಮೊಚಿ ಕಿಟ್: ಎಲೆಗೆ ಹಣ ಕೊಡಬಹುದು, ಹೂವಿಗೆ ಬೇಡ

ಹೂರಣವಿಟ್ಟು ಉಪ್ಪಿನ ಚೆರ್ರಿ ಎಲೆ ಸುತ್ತಿದ ಜಪಾನಿನ ವಸಂತದ ಸಿಹಿಯಾದ ಸಕುರಾಮೊಚಿಯನ್ನು ಮನೆಯಲ್ಲೇ ಮಾಡಿಕೊಳ್ಳಲು ಬೇಕಾದ ಸಾಮಗ್ರಿಯನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಕೊಡುವ ಕಿಟ್ಟೊಂದನ್ನು ಏಪ್ರಿಲ್ ಮೊದಲ ವಾರದಲ್ಲಿ ಟೋಕಿಯೊದ ಒಂದು ದೊಡ್ಡ ಮಳಿಗೆಯ ನೆಲಮಾಳಿಗೆಯ ತಿನಿಸು ವಿಭಾಗದಲ್ಲಿ ಕೊಂಡೆ. ಬೆಲೆ 1,480 ಯೆನ್. ಒಳಗೆ 150 ಗ್ರಾಂ ದೋಮ್ಯೋಜಿಕೊ ಎಂಬ ಅಕ್ಕಿ ನುಚ್ಚು, ಅಜುಕಿ ಎಂಬ ಸಣ್ಣ ಕೆಂಪು ಕಾಳಿನ ಸಿದ್ಧ ಹೂರಣ, ಉಪ್ಪಿನಲ್ಲಿ ಹಾಕಿಟ್ಟ 10 ಚೆರ್ರಿ ಎಲೆ, ಅಷ್ಟೇ ಹೂ, ಚಿಟಿಕೆ ಗುಲಾಬಿ ಬಣ್ಣ ಮತ್ತು ವಿಧಾನ ಬರೆದ ಒಂದು ಹಾಳೆ ಇದ್ದವು. ಎರಡು ಪೆಟ್ಟಿಗೆ ತಂದಿದ್ದೆ: ಒಂದನ್ನು ಅದರೊಳಗಿನ ಹೂವಿನಿಂದಲೇ ಮಾಡುವುದು, ಇನ್ನೊಂದನ್ನು ನಾನೇ ಕೊಯ್ದು ಉಪ್ಪು ಹಾಕಿದ ಹೂವಿಗಾಗಿ ಎತ್ತಿಡುವುದು ಎಂಬುದು ಲೆಕ್ಕಾಚಾರ.

ಸಕುರಾಮೊಚಿ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸಿಹಿಗಳಿವೆ ಎಂಬುದನ್ನು ಕೊಳ್ಳುವವರು ಮೊದಲೇ ತಿಳಿದಿರುವುದು ಒಳ್ಳೆಯದು. ಟೋಕಿಯೊ ಕಡೆಯದು ಗೋಧಿ ಹಿಟ್ಟನ್ನು ತೆಳ್ಳಗೆ ಹೊಯ್ದು, ಹೂರಣವನ್ನು ಅದರಲ್ಲಿ ಸುತ್ತಿದ್ದು; ಸುಮಿದಾ ನದಿಯ ದಂಡೆಯ ಚೋಮೇಜಿ ದೇವಾಲಯದ ದ್ವಾರಪಾಲಕನಾಗಿದ್ದ ಯಾಮಾಮೊತೊ ಶಿನ್ರೊಕು ಎಂಬಾತ 1717ರಲ್ಲಿ ಅಲ್ಲಿನ ಚೆರ್ರಿ ಎಲೆಗಳಿಗೆ ಉಪ್ಪು ಹಾಕಿ ಇದನ್ನು ಆರಂಭಿಸಿದನೆಂದು ಹೇಳಲಾಗುತ್ತದೆ. ಒಸಾಕಾ, ಕ್ಯೋಟೊ ಕಡೆಯದು ಅಕ್ಕಿಯದು. ಈ ಕಿಟ್ ಟೋಕಿಯೊದಲ್ಲಿ ಮಾರಾಟವಾಗುತ್ತಿದ್ದರೂ ಎರಡನೆಯ ಬಗೆಯದು, ಮತ್ತು ಪೆಟ್ಟಿಗೆಯ ಮೇಲೆ ಅದನ್ನು ಬಹಳ ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದಾರೆ.

ಅಕ್ಕಿಯ ಬಗ್ಗೆ ನನ್ನದು ಮೆಚ್ಚುಗೆ ಮಾತ್ರ. ಅಂಟು ಅಕ್ಕಿಯನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ನುಚ್ಚು ಮಾಡಿದರೆ ದೋಮ್ಯೋಜಿಕೊ ಆಗುತ್ತದೆ. ಒಸಾಕಾ ಪ್ರಾಂತದ ಫುಜಿಯಿದೆರಾದಲ್ಲಿರುವ ದೋಮ್ಯೋಜಿ ದೇವಾಲಯದಿಂದ ಅದಕ್ಕೆ ಆ ಹೆಸರು ಬಂದಿದೆ. ಒಮ್ಮೆ ಬೆಂದ ಅಕ್ಕಿಯಾದ್ದರಿಂದ ಸಕ್ಕರೆ ಹಾಕಿ ಕುದಿಸಿದ ನೀರಿಗೆ ಸುರಿದು ಮುಚ್ಚಿಟ್ಟರೆ ಕಾಲು ಗಂಟೆಯಲ್ಲಿ ಅರಳುತ್ತದೆ, ಆದರೂ ಕಾಳು ಕಾಳಾಗಿ ಹಲ್ಲಿಗೆ ಸಿಗುತ್ತದೆ. ಈ ಕಿಟ್ಟಿನ ನುಚ್ಚು ಒಂದೇ ಗಾತ್ರದ್ದಾಗಿತ್ತು, ಎಲ್ಲಿಯೂ ಹಿಟ್ಟಾಗಿರಲಿಲ್ಲ. ಬಣ್ಣವನ್ನು ಮಾತ್ರ ಹಾಳೆಯಲ್ಲಿ ಹೇಳಿದ್ದರ ಕಾಲು ಭಾಗ ಹಾಕಿದರೆ ಸಾಕು. ಹೇಳಿದಷ್ಟೂ ಹಾಕಿದ ನನ್ನ ಮೊದಲ ಮೊಚಿಗಳು ಆಟಿಕೆಗಳಂತೆ ಕಂಡವು. ಹೂರಣ ಸಾಧಾರಣ, ಸ್ವಲ್ಪ ಹೆಚ್ಚು ಸಿಹಿ.

ಕಿಟ್ಟಿನ ನಿಜವಾದ ಬೆಲೆ ಇರುವುದು ಎಲೆಯಲ್ಲಿ. ಜಪಾನಿನಲ್ಲಿ ಉಪ್ಪಿನ ಚೆರ್ರಿ ಎಲೆಯ ಸುಮಾರು ಶೇಕಡ 70ರಷ್ಟು ಶಿಜುಒಕಾ ಪ್ರಾಂತದ ಇಜು ಪರ್ಯಾಯದ್ವೀಪದಲ್ಲಿರುವ ಮತ್ಸುಜಾಕಿ ಪಟ್ಟಣದಿಂದಲೇ ಬರುತ್ತದೆ. ಅದು ಓಶಿಮಾ ಚೆರ್ರಿಯ ಎಲೆ: ಅಗಲ, ಮೃದು, ರೋಮವಿಲ್ಲದ್ದು. ಅದನ್ನು ಕಟ್ಟು ಕಟ್ಟಿ, ಆಳೆತ್ತರದ ಮರದ ಪೀಪಾಯಿಗಳಲ್ಲಿ ಉಪ್ಪಿನೊಡನೆ ತಿಂಗಳುಗಟ್ಟಲೆ ಇಡುತ್ತಾರೆ. ಮರದ ಮೇಲಿರುವ ಹಸಿ ಎಲೆಗೆ ಸಕುರಾಮೊಚಿಯ ಪರಿಮಳವಿರುವುದಿಲ್ಲ. ಉಪ್ಪು ಜೀವಕೋಶಗಳನ್ನು ಒಡೆದು, ಒಳಗೆ ಬೇರೆ ಬೇರೆಯಾಗಿದ್ದ ಸಕ್ಕರೆಯ ಸಂಯುಕ್ತವೂ ಕಿಣ್ವವೂ ಒಂದಾದ ಮೇಲೆಯೇ ಕೂಮರಿನ್ ಬಿಡುಗಡೆಯಾಗಿ ಆ ಪರಿಮಳ ಹುಟ್ಟುತ್ತದೆ. ನಾವು ಚೆರ್ರಿ ಹೂವಿನ ಪರಿಮಳವೆಂದು ಮೂಸುವುದು ಬಹುಮಟ್ಟಿಗೆ ಈ ಎಲೆಯದೇ. ಎಲೆಗಳನ್ನು 10 ನಿಮಿಷ ನೀರಿನಲ್ಲಿ ನೆನೆಸಲು ಹಾಳೆ ಹೇಳುತ್ತದೆ. ನನ್ನ ನಾಲಿಗೆಗೆ ಅರ್ಧ ಗಂಟೆಯಾದರೂ ಬೇಕಾಯಿತು.

ಹೂವಿನಲ್ಲಿ ಮಾತ್ರ ಈ ಕಿಟ್ ನಿರಾಸೆ ಮಾಡಿತು. ಪೊಟ್ಟಣದ ಹೂಗಳು ಚಪ್ಪಟೆಯಾಗಿ, ಕಂದು ಬಣ್ಣಕ್ಕೆ ತಿರುಗಿ, ನೀರಿಗೆ ಹಾಕಿದರೂ ಅರಳದೆ ಮುದುಡಿಕೊಂಡಿದ್ದವು. ಬಾಯಿಗೆ ಬಂದದ್ದು ಉಪ್ಪು ಮಾತ್ರ. ಇಂಥ ಹೂವಿನ ಬಹುಪಾಲನ್ನು ಒದಗಿಸುವ ಕನಗಾವಾ ಪ್ರಾಂತದ ಹದನೊ ನಗರದಲ್ಲಿ ಬಳಸುವುದು ಕನ್ಜಾನ್ ಎಂಬ ತಳಿಯ, ಹಲವು ಸುತ್ತು ದಳಗಳ ಕಡು ಗುಲಾಬಿ ಹೂ. ನಾನು ಕೊಯ್ದದ್ದೂ ಅದನ್ನೇ, ಯೊಕೊಹಾಮಾದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ಹಿತ್ತಿಲಿನಿಂದ, ಅವರನ್ನು ಕೇಳಿಕೊಂಡು. ಎಲ್ಲೆಡೆ ಕಾಣುವ ಸೊಮೇಯೊಶಿನೊ ತಳಿಯ ಚೆರ್ರಿ ಹೂ ಉದುರಿದ ಮೇಲೆ, ಏಪ್ರಿಲ್ ಮಧ್ಯದ ಹೊತ್ತಿಗೆ ಇದು ಅರಳುತ್ತದೆ. ಪೂರ್ತಿ ಬಿರಿದ ಹೂಗಳನ್ನು ಕೊಯ್ದ ನನ್ನ ಮೊದಲ ಬುಟ್ಟಿ ತೊಳೆಯುವಾಗಲೇ ದಳ ದಳವಾಗಿ ಉದುರಿ ಹೋಯಿತು. ಮುಕ್ಕಾಲು ಬಿರಿದದ್ದನ್ನು ತೊಟ್ಟಿನ ಸಮೇತ ಬಿಡಿಸಿಕೊಳ್ಳಬೇಕು.

ಆಮೇಲಿನ ಕೆಲಸ ಸುಲಭ. 100 ಗ್ರಾಂ ಹೂವಿಗೆ 20 ಗ್ರಾಂ ಉಪ್ಪು ಬೆರೆಸಿ, ಮೇಲೆ ಭಾರವಿಟ್ಟು, ಮರುದಿನ ಬಿಟ್ಟ ನೀರನ್ನು ಹಿಂಡಿ, ಉಮೆ ಎಂಬ ಹುಳಿ ಹಣ್ಣಿಗೆ ಉಪ್ಪು ಹಾಕಿ ಉಮೆಬೋಶಿ ಎಂಬ ಉಪ್ಪಿನಕಾಯಿ ಮಾಡುವಾಗ ದೊರೆಯುವ ಬಿಳಿ ಉಮೆ ರಸದಲ್ಲಿ ಎರಡು ಮೂರು ದಿನ ಮುಳುಗಿಸಿ, ನೆರಳಿನಲ್ಲಿ ಒಣಗಿಸಿ, ಮತ್ತೆ ಒಣ ಉಪ್ಪು ಉದುರಿಸಿ ಸೀಸೆಗೆ ತುಂಬುವುದು. ಆ ಹುಳಿಯಿಂದಾಗಿ ಹೂವಿನ ಬಣ್ಣ ಮಂಕಾಗುವುದರ ಬದಲು ಇನ್ನಷ್ಟು ಕೆಂಪೇರುತ್ತದೆ. ಮೂರು ವಾರ ಕಾದು ತೆರೆದಾಗ ಪರಿಮಳ ಎಲೆಯಷ್ಟು ಗಾಢವಾಗಿರಲಿಲ್ಲ, ಆದರೆ ನೀರಿಗೆ ಹಾಕಿದ ಕೂಡಲೇ ಹೂ ಬಿಚ್ಚಿಕೊಂಡಿತು. ಎರಡನೆಯ ಪೆಟ್ಟಿಗೆಯ ಮೊಚಿಗಳ ಮೇಲೆ ಅದನ್ನಿಟ್ಟಾಗ ನೋಟಕ್ಕೂ ರುಚಿಗೂ ಬಂದ ವ್ಯತ್ಯಾಸ ಸಣ್ಣದಲ್ಲ.

ಕಿಟ್ಟಿನ ಹಾಳೆಯಲ್ಲಿ "ನಿಮ್ಮದೇ ಹೂವನ್ನೂ ಬಳಸಬಹುದು" ಎಂಬ ಒಂದು ಸಾಲಿದೆ, ಅದರಾಚೆಗೆ ಏನೂ ಇಲ್ಲ. ಇದು ನನಗೆ ಹೊಣೆಗೇಡಿತನವಾಗಿ ಕಂಡಿತು. ಉದ್ಯಾನದ ಮರವನ್ನು ಮುರಿಯುವಂತಿಲ್ಲ, ರಸ್ತೆ ಬದಿಯ ಮರಗಳಿಗೆ ಕೀಟನಾಶಕ ಹೊಡೆದಿರಬಹುದು, ವಸಂತದಲ್ಲಿ ಅರಳಿದ್ದೆಲ್ಲವೂ ತಿನ್ನುವಂಥದ್ದಲ್ಲ. ನರ್ಗಿಸ್ ಹೂ, ಸುಜುರಾನ್ ಎಂಬ ಗಂಟೆಯಾಕಾರದ ಬಿಳಿ ಹೂ ಎರಡೂ ವಿಷ. ಇಷ್ಟನ್ನು ಮುದ್ರಿಸಲು ಆ ಹಾಳೆಯ ಹಿಂಬದಿ ಪೂರ್ತಿ ಖಾಲಿಯಿತ್ತು.

ಉಳಿದ ಹೂಗಳಿಂದ ಕಾಂತೆನ್, ಅಂದರೆ ಕಡಲಪಾಚಿಯ ಅಗರ್‌ನಿಂದ ಗಟ್ಟಿಯಾಗುವ ಜೆಲ್ಲಿ, ಮಾಡಿದೆ. 4 ಗ್ರಾಂ ಕಾಂತೆನ್ ಪುಡಿಯನ್ನು ಅರ್ಧ ಲೀಟರ್ ನೀರಿನಲ್ಲಿ ಎರಡು ನಿಮಿಷ ಕುದಿಸಿ, ಸಕ್ಕರೆ ಕರಗಿಸಿ, ಸ್ವಲ್ಪ ಆರಿದ ಮೇಲೆ ಉಪ್ಪು ಬಿಡಿಸಿದ ಹೂವಿನ ಮೇಲೆ ಹೊಯ್ದರೆ, ಗಾಜಿನಂಥ ಪಾರದರ್ಶಕ ತುಂಡಿನೊಳಗೆ ಹೂ ನಿಂತುಬಿಡುತ್ತದೆ. ಹೂವನ್ನು ಚೆನ್ನಾಗಿ ತೊಳೆಯದೆ ಕಾಂತೆನ್ ಜೊತೆಗೇ ಕುದಿಸಿದರೆ ಉಮೆಯ ಹುಳಿ ಅದನ್ನು ಗಟ್ಟಿಯಾಗಲು ಬಿಡುವುದಿಲ್ಲ. ನನಗೆ ಮೊಚಿಗಿಂತ ಇದೇ ಹೆಚ್ಚು ಹಿಡಿಸಿತು ಎಂದು ಒಪ್ಪಿಕೊಳ್ಳಬೇಕು.

ಮೊದಲ ಸಲ ಮಾಡುವವರು, ಅದರಲ್ಲೂ ಎಲೆ, ನುಚ್ಚು ಎಲ್ಲವನ್ನೂ ಬೇರೆ ಬೇರೆ ಹುಡುಕಲು ಪುರುಸೊತ್ತಿಲ್ಲದವರು, ಈ ಕಿಟ್ಟನ್ನು ಕೊಳ್ಳಬಹುದು; ಹತ್ತು ಮೊಚಿಗೆ 1,480 ಯೆನ್ ಅನ್ಯಾಯದ ಬೆಲೆಯಲ್ಲ. ನಾನು ಮಾತ್ರ ಮುಂದಿನ ವಸಂತಕ್ಕೆ ದೋಮ್ಯೋಜಿಕೊ ಮತ್ತು ಎಲೆಯನ್ನಷ್ಟೇ ಬಿಡಿಯಾಗಿ ಕೊಳ್ಳುತ್ತೇನೆ, ಏಕೆಂದರೆ ಹೂವಿನ ಸೀಸೆಯಲ್ಲಿ ಇನ್ನೂ ಅರ್ಧದಷ್ಟು ಉಳಿದಿದೆ. ಅದರಲ್ಲಿ ನಾಲ್ಕಾರು ಹೂಗಳನ್ನು ಪಕ್ಕದ ಮನೆಯ ಅಜ್ಜಿ ಬಿಸಿನೀರಿಗೆ ಹಾಕಿಕೊಂಡು ಸಕುರಾಯು ಕುಡಿಯುವುದಕ್ಕೆಂದು ಈಗಾಗಲೇ ಕೇಳಿ ಒಯ್ದಿದ್ದಾರೆ.