ಅಯಸ್ಕಾಂತ ಅಂಟದಿದ್ದರೆ ಟೈಟೇನಿಯಂ ಅಂತ ನಂಬಬೇಡಿ

ನಮ್ಮ ದಾವಣಗೆರೆಯಲ್ಲಿ ಮೀನು, ಹವಳ ಸಾಕೋಕೆ ಉಪ್ಪುನೀರಿನ ಟ್ಯಾಂಕ್ ಇಟ್ಟವರು ಎಷ್ಟು ಜನ ಇದ್ದಾರೋ, ಹೀಟರ್ ತಗೊಳ್ಳೋ ಮುಂಚೆ ದಯವಿಟ್ಟು ಇದನ್ನು ಓದಿ. ನನ್ನ ಹ್ಯಾಮರ್ ಕೋರಲ್ ಅನ್ನೋ ಹವಳ ಬಹುತೇಕ ಹೋಯಿತು, ಕ್ಲೀನರ್ ಸೀಗಡಿ ಹೋಯಿತು, 2,800 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ಮಾನ ಹೋಯಿತು. ಯಾಕೆಂದರೆ ನಾನು ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ರಿಪೇರಿ ಮಾಡಿ ಬದುಕುವವನು.

"ಈ ಬಿಸಿಲೂರಲ್ಲಿ ಮೀನಿಗೆ ಹೀಟರಾ? ನಮಗೇ ಗೀಸರ್ ಇಲ್ಲ" ಅಂತ ಅಮ್ಮ ಬೈದಿದ್ದರು. ಏಪ್ರಿಲ್‌ನಲ್ಲಾದರೆ ಅವರ ಮಾತು ಸರಿ. ಆದರೆ ಜನವರಿ ಬೆಳಗಿನ ಜಾವ ನನ್ನ 200 ಲೀಟರ್ ಟ್ಯಾಂಕ್ 22 ಡಿಗ್ರಿಗೆ ಇಳಿದಿತ್ತು, ಮಧ್ಯಾಹ್ನ ಮತ್ತೆ 26. ಹವಳಗಳಿಗೆ 25-26ರಲ್ಲಿ ಒಂದೇ ಸಮ ಇರಬೇಕು. ದಿನಾ ಹೀಗೆ ಹತ್ತಿ ಇಳಿದರೆ ತಡೆಯಲ್ಲ.

ಊರಲ್ಲೇ ಒಂದು ಅಂಗಡಿಗೆ ಹೋದೆ. ಗಾಜಿನ ಹೀಟರ್ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ನೀರು ಬದಲಿಸುವಾಗ ಆಫ್ ಮಾಡೋದು ಮರೆತರೆ ಒಡೆಯುತ್ತೆ, ನನಗೆ ಮರೆವು ಜಾಸ್ತಿ. "ಟೈಟೇನಿಯಂ ಇದೆ ಸರ್, 300 ವ್ಯಾಟ್, ಒಂದು ಹಾಕಿದ್ರೆ ಸಾಕು" ಅಂದ ಅಂಗಡಿಯವನು. ನಾನು ಅನುಮಾನದಿಂದ ತಿರುಗಿಸಿ ಮುರುಗಿಸಿ ನೋಡಿದೆ. ತಕ್ಷಣ ಟ್ಯಾಂಕ್ ಗಾಜು ಒರೆಸುವ ಅಯಸ್ಕಾಂತ ತಂದು ಕೊಳವೆಗೆ ಹಿಡಿದ. ಜಾರಿ ಬಿತ್ತು. "ನೋಡಿ, ಅಂಟಲ್ಲ. ಸ್ಟೀಲಾಗಿದ್ರೆ ಅಂಟ್ತಿತ್ತು ಅಲ್ವಾ?" ನಾನು ತಲೆ ಆಡಿಸಿದೆ. ತಲೆ ಆಡಿಸಿದೆ ರೀ! ಟೀ ಬೇರೆ ತರಿಸಿದ, ಕುಡಿದೆ. ಬಿಲ್ ಕೇಳಲಿಲ್ಲ.

ಮೂರು ವಾರ ಚೆನ್ನಾಗಿತ್ತು. ಆಮೇಲೆ ಚಿತ್ರದುರ್ಗದಲ್ಲಿ ಒಂದು ಮದುವೆ, ರಾತ್ರಿ ಅಲ್ಲೇ ಉಳಿದೆವು. ಬೆಳಿಗ್ಗೆ ಬಂದು ನೋಡಿದರೆ ಥರ್ಮಾಮೀಟರ್‌ನಲ್ಲಿ 33.4. ಹೀಟರ್ ಸೆಟ್ಟಿಂಗ್ 25ರಲ್ಲೇ ಇದೆ, ಕೆಂಪು ದೀಪ ಉರಿಯುತ್ತಲೇ ಇದೆ. ಬಿಸಿನೀರಲ್ಲಿ ಆಮ್ಲಜನಕ ಕಡಿಮೆ, ಎರಡು ಕ್ಲೌನ್ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಸೀಗಡಿ ಬೇಯಿಸಿದ ಹಾಗೆ ಬಿಳಿಚಿ ಮಗ್ಗುಲಾಗಿತ್ತು. ಹ್ಯಾಮರ್‌ನ ಮಾಂಸ ಅಸ್ಥಿಯಿಂದ ಕಳಚಿ ಕಂದು ಲೋಳೆಯಾಗಿ ನೇತಾಡುತ್ತಿತ್ತು. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಟೇಬಲ್ ಫ್ಯಾನ್ ತಿರುಗಿಸಿ ಕೂತೆ. ಐಸ್ ಸುರಿದು ದಿಢೀರನೆ ಇಳಿಸಿದ್ದರೆ ಉಳಿದವೂ ಸಾಯುತ್ತಿದ್ದವು.

ಹೀಟರ್ ಹೊರಗೆ ತೆಗೆದೆ. ತಲೆ ಹತ್ತಿರ ಕಂದು ತುಕ್ಕು, ಅಲ್ಲಲ್ಲಿ ಸೂಜಿ ಚುಚ್ಚಿದಂಥ ಕುಳಿ. ಟೈಟೇನಿಯಂ ಉಪ್ಪುನೀರಲ್ಲಿ ತುಕ್ಕು ಹಿಡಿಯುತ್ತಾ? ಅದೇ ಅಯಸ್ಕಾಂತದ ವಿಚಾರ ತಲೆಯಲ್ಲಿ ಕೊರೆಯುತ್ತಿತ್ತು. ಅಡುಗೆಮನೆಗೆ ಹೋಗಿ ಅಮ್ಮನ ಸ್ಟೀಲ್ ಚೊಂಬಿಗೆ ಹಿಡಿದೆ. ಜಾರಿ ಬಿತ್ತು. ಸಾರಿನ ಪಾತ್ರೆಗೆ ಹಿಡಿದೆ. ಅದೂ ಜಾರಿತು. ಎಷ್ಟೋ ಬಗೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಅಂಟೋದೇ ಇಲ್ಲ! ದಿನಾ ಕಬ್ಬಿಣ, ತಾಮ್ರದ ಜೊತೆ ಏಗುವ ನನಗೆ ಅಂಗಡಿಯಲ್ಲಿ ಇದು ಹೊಳೆಯಲಿಲ್ಲ. ಚೊಂಬು ಹಿಡಕೊಂಡು ನಿಂತೇ ಇದ್ದೆ. ಅಮ್ಮ "ಏನಾಯ್ತೋ?" ಅಂದರು. ಏನು ಹೇಳಲಿ?

ಆಮೇಲೆ ಡಬ್ಬಿ ತೆಗೆದು ಬೆಲೆಯ ಬಿಳಿ ಸ್ಟಿಕರ್ ಕೆರೆದೆ. ಅದರ ಕೆಳಗೆ ಅಚ್ಚಾಗಿತ್ತು: ಸ್ಟೇನ್‌ಲೆಸ್ ಸ್ಟೀಲ್, ಸಿಹಿನೀರಿಗೆ ಮಾತ್ರ. ಸರಿಯಾಗಿ ಆ ಸಾಲಿನ ಮೇಲೇ ಅಂಟಿಸಿದ್ದಾರೆ.

ಅಂಗಡಿಯವನಿಗೆ ಫೋಟೋ ಕಳಿಸಿದೆ. ಉತ್ತರ ನೋಡಿ. ಮೊದಲು, "ಉಪ್ಪು ನೀರಲ್ವಾ ಸರ್, ಸ್ವಲ್ಪ ಕಲರ್ ಬರುತ್ತೆ." ಸ್ಟಿಕರ್ ವಿಷಯ ಕೇಳಿದರೆ, "ಅದು ಕಂಪನಿಯಿಂದಲೇ ಹಾಗೆ ಬರುತ್ತೆ." ಹಣ ವಾಪಸ್ ಕೇಳಿದರೆ, "ಬಿಲ್ ತನ್ನಿ." ಕೊನೆಗೆ, "ನೀವು ಎಲೆಕ್ಟ್ರಿಕಲ್‌ನವರು, ನೋಡಿ ತಗೋಬೇಕಿತ್ತು." ಈ ಕೊನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ಉರಿ.

ಹೀಟರ್‌ನ ತಲೆ ಒಡೆದು ನೋಡಿದೆ. ಬಿಸಿ ನೋಡಿ ಕರೆಂಟ್ ಆನ್-ಆಫ್ ಮಾಡುವ ಥರ್ಮೋಸ್ಟಾಟ್‌ನ ಕಾಂಟ್ಯಾಕ್ಟ್ ಅಂಟಿಕೊಂಡಿತ್ತು, ಸ್ಟಾರ್ಟರ್‌ನಲ್ಲಿ ದಿನಾ ನೋಡುವ ಕಾಯಿಲೆ. ಇದು ಒಳ್ಳೆ ಹೀಟರ್‌ಗೂ ಬರುತ್ತೆ, ಒಪ್ಪುತ್ತೇನೆ. ಆದರೆ 300 ವ್ಯಾಟ್ ಒಂದೇ ಸಾಕು ಅಂದಿದ್ದು ಯಾರು? ಅಷ್ಟು ನೀರನ್ನು ಅದು ಗಂಟೆಗೆ ಹೆಚ್ಚುಕಮ್ಮಿ ಒಂದು ಡಿಗ್ರಿ ಏರಿಸಬಲ್ಲದು. 100 ವ್ಯಾಟಿನ ಎರಡು ಹಾಕಿದ್ದರೆ, ಒಂದು ಅಂಟಿಕೊಂಡರೂ ಇಷ್ಟು ಬೇಯುತ್ತಿರಲಿಲ್ಲ. ಹೊರಗಿನಿಂದ ಕರೆಂಟ್ ಕತ್ತರಿಸುವ ಕಂಟ್ರೋಲರ್ ಬೇರೆಯಾಗಿ ಹಾಕಿ, ಹೀಟರ್‌ನ ಒಳಗಿನ ಥರ್ಮೋಸ್ಟಾಟ್ ಒಂದನ್ನೇ ನಂಬಬೇಡಿ. ಬಿಲ್ ತಗೊಳ್ಳಿ. ಸ್ಟಿಕರ್ ಇದ್ದರೆ ಅಂಗಡಿಯಲ್ಲೇ ಕೆರೆಯಿರಿ, ಅವರು ಮುಖ ಸಿಂಡರಿಸಿದರೂ ಸರಿ.

ಈಗ 100 ವ್ಯಾಟಿನ ಎರಡು ಗಾಜಿನವನ್ನೇ ಹಾಕಿದ್ದೇನೆ, ಕಂಟ್ರೋಲರ್ ಜೊತೆ. ಹ್ಯಾಮರ್‌ನಲ್ಲಿ ಒಂದೇ ತಲೆ ಉಳಿದಿದೆ. ಲೈಟ್ ಹಾಕಿದರೆ ಅರ್ಧ ಬಿಚ್ಚುತ್ತೆ, ಮತ್ತೆ ಮುದುಡುತ್ತೆ. ಡಬ್ಬಿ, ಹೀಟರ್ ಎರಡೂ ನನ್ನ ಹತ್ತಿರವೇ ಇವೆ. ನೋಡಬೇಕು ಅನ್ನುವವರು ಕೇಳಿ, ತೋರಿಸುತ್ತೇನೆ.